ಒಳಹೊಲಿಗೆ ನೋಡುವ ಮದುಮಗಳು

ಹೆಬ್ಬಗೋಡಿಯ ನಮ್ಮ ಬೀದಿಯಲ್ಲಿ ಕಿಟಕಿ ಪಕ್ಕ ಹೊಲಿಗೆ ಮಿಷನ್ ಹಾಕಿಕೊಂಡು ಕೂತವಳು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಮೊಬೈಲ್ ಹಿಡಿದುಕೊಂಡು ಬಾಗಿಲಿಗೆ ಬರುತ್ತದೆ. "ಅಕ್ಕ, ಮದುವೆಗೆ ಇದೇ ಥರ ಬೇಕು," ಅನ್ನುತ್ತದೆ. ಫೋಟೋದಲ್ಲಿ ಆರಡಿ ಹುಡುಗಿಯೊಬ್ಬಳು ಅರಮನೆ ಮೆಟ್ಟಿಲ ಮೇಲೆ ನಿಂತಿರುತ್ತಾಳೆ. ಅವಳು ಐದು ಮೆಟ್ಟಿಲು ಹತ್ತಿದ್ದರೂ ಅವಳ ಬಟ್ಟೆಯ ತುದಿ ಇನ್ನೂ ಮೊದಲನೇ ಮೆಟ್ಟಿಲಲ್ಲೇ ಇರುತ್ತದೆ. ನನ್ನ ಮುಂದೆ ನಿಂತವಳು ಈಗಷ್ಟೇ ಫ್ಯಾಕ್ಟರಿ ಬಸ್ಸಿನಿಂದ ಇಳಿದಿರುತ್ತಾಳೆ, ಕೈಯಲ್ಲಿ ಖಾಲಿ ಟಿಫನ್ ಬಾಕ್ಸು. ನಾನು ಅವಳನ್ನು ಒಮ್ಮೆ, ಫೋಟೋ ಒಮ್ಮೆ ನೋಡಿ, "ಬಟ್ಟೆ ಹೊಲೀತೀನಿ ಕಣಮ್ಮ, ಎತ್ತರ ಹೊಲಿಯೋಕೆ ಬರಲ್ಲ. ಅರಮನೆಗೆ ಬೇರೆ ಕಡೆ ವಿಚಾರಿಸು," ಅಂತೀನಿ. ನನ್ನ ಕತ್ತರಿಗಿಂತ ನಾಲಿಗೆ ಹರಿತ ಅಂತ ನಮ್ಮನೆಯವರು ಹೇಳುತ್ತಿರುತ್ತಾರೆ. ಕತ್ತರಿಗೆ ಸಾಣೆ ಹಿಡಿಸಿ ಎರಡು ವರ್ಷ ಆಯಿತು ಅಂತ ನಾನೂ ಅಷ್ಟೇ ಸಲ ಹೇಳಿದ್ದೇನೆ.

ಹತ್ತನೇ ಕ್ಲಾಸು ಮುಗಿಸಿ ನಾನು ಸೇರಿದ್ದು ಗಾರ್ಮೆಂಟ್ಸಿಗೆ. ಮಗಳು ಹುಟ್ಟಿದ ಮೇಲೆ ಬಿಟ್ಟೆ. ನನ್ನ ನಾದಿನಿ, ಅಂದರೆ ನಮ್ಮನೆಯವರ ತಂಗಿ, ಇನ್ನೂ ಅಲ್ಲೇ ಇದ್ದಾಳೆ, ಒಂಬತ್ತು ವರ್ಷದಿಂದ. ಅವಳು ಹೊಲಿಯುವವಳಲ್ಲ, ಚೆಕ್ಕರ್. ಹೊಲಿಯುವವರು ಸಾಲಾಗಿ ಕೂತ ಲೈನಿನ ಕೊನೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ನಿಂತು, ಹೊಲಿದು ಬಂದ ಒಂದೊಂದು ಶರ್ಟನ್ನೂ ಒಳಗೆ ಹೊರಗೆ ತಿರುಗಿಸಿ ತಪ್ಪು ಹುಡುಕುವುದು ಅವಳ ಕೆಲಸ. ತಪ್ಪು ಕಂಡಲ್ಲಿ ಕೆಂಪು ಬಾಣದ ಒಂದು ಚಿಕ್ಕ ಸ್ಟಿಕ್ಕರ್ ಅಂಟಿಸಬೇಕು, ಬಾಣದ ಮೊನೆ ತಪ್ಪಿನ ಕಡೆಗೆ. ಸರಿ ಇದ್ದರೆ ಪಾಸ್, ತಿದ್ದುವ ಹಾಗಿದ್ದರೆ ಆಲ್ಟ್ರೇಷನ್, ತಿದ್ದಲಾಗದಿದ್ದರೆ ರಿಜೆಕ್ಟ್. ಅವರ ಸೂಪರ್‌ವೈಸರ್ ಮೇಡಂ ದಿನವಿಡೀ ಅವಳ ಬೆನ್ನ ಹಿಂದೆ ಬಂದು ಕೇಳುವುದು ಮೂರೇ ಮಾತು: "ಪಾಸಾ, ಆಲ್ಟ್ರೇಷನ್ನಾ, ರಿಜೆಕ್ಟಾ?"

ಈ ಹುಡುಗಿಗೆ ಮದುವೆ ಗೊತ್ತಾಯಿತು. ಧಾರೆ ಸೀರೆ ಗಂಡಿನ ಕಡೆಯವರು ತರುತ್ತಾರೆ, ಅದು ನಮ್ಮ ತಲೆನೋವಲ್ಲ. ಹಿಂದಿನ ದಿನ ಸಂಜೆ ರಿಸೆಪ್ಷನ್ನಿಗೆ ಹಾಕುವ ಬಟ್ಟೆ ನಮ್ಮದು. ಒಂದು ದಿನ ನನ್ನ ಮಿಷನ್ ಪಕ್ಕ ಬಂದು ಕೂತು ಹೇಳಿದಳು, "ಒಂಬತ್ತು ವರ್ಷ ಬೇರೆಯವರ ಬಟ್ಟೇಲಿ ತಪ್ಪು ಹುಡುಕಿದ್ದೀನಿ ಅತ್ತಿಗೆ. ಒಂದೇ ಒಂದು ದಿನ ನನ್ನ ಮೈ ಮೇಲೆ ತಪ್ಪಿಲ್ಲದ ಬಟ್ಟೆ ಇರ್ಬೇಕು. ಅಷ್ಟೇ ನನ್ನ ಆಸೆ."

ಅರಮನೆ ಕೇಳಿದ್ದರೆ ಸುಲಭವಾಗಿತ್ತು.

ಎರಡನೇ ಗುಂಡಿ

ಗಂಡು ನೋಡಲು ಬಂದ ದಿನದ ಕಥೆ ಮೊದಲು ಹೇಳಬೇಕು. ಹುಡುಗ ಮಾದನಾಯಕನಹಳ್ಳಿಯ ಗೋಡೌನೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾರೆ. ಊರಿನ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಅವರ ಮನೆಯವರೆಲ್ಲ ಬಾಡಿಹೋಗಿದ್ದರು. ನಾದಿನಿ ಕಾಫಿ ತಟ್ಟೆ ಹಿಡಿದು ಬಂದಳು. ಕೊಟ್ಟಳು. ತಲೆ ತಗ್ಗಿಸಿಯೇ ಕೂತಳು. ಗಂಡಿನ ತಾಯಿ ನನ್ನ ಕಿವಿಯಲ್ಲಿ, "ಹುಡುಗಿಗೆ ಎಷ್ಟು ನಾಚಿಕೆ ನೋಡಿ," ಅಂದರು. ನನಗೆ ಗೊತ್ತಿತ್ತು, ಅದು ನಾಚಿಕೆಯಲ್ಲ. ಅವಳ ಕಣ್ಣು ಹುಡುಗನ ಶರ್ಟಿನ ಮೇಲಿತ್ತು.

ಅವರು ಹೋದ ಮೇಲೆ ನಮ್ಮತ್ತೆ ಕೇಳಿದರು, "ಎಂಗವ್ವ, ಉಡ್ಗ ಒಪ್ಪಿಗೆನಾ?"

"ಎರಡನೇ ಗುಂಡಿಗೆ ದಾರದ ಬಣ್ಣ ಬೇರೆ ಇತ್ತು," ಅಂದಳು.

ನಮ್ಮತ್ತೆ ಸೋಫಾದ ಮೇಲೆ ಕುಸಿದು ಕೂತರು. ಇಷ್ಟು ದೂರ ಬಂದ ಸಂಬಂಧ ಒಂದು ಗುಂಡಿಯಲ್ಲಿ ಹೋಯಿತಲ್ಲ ಅಂತ.

"ಅಮ್ಮ, ಪೂರ್ತಿ ಕೇಳು. ಬಿದ್ದ ಗುಂಡಿನ ತಾವೇ ಹಾಕ್ಕೊಂಡಿದ್ದಾರೆ. ನಾಲ್ಕು ತೂತಿಗೂ ಹೊಲಿಗೆ ಹಾಕಿದ್ದಾರೆ, ಗುಂಡಿ ಬುಡದಲ್ಲಿ ದಾರ ಸುತ್ತಿ ಗಂಟು ಕಟ್ಟಿದ್ದಾರೆ. ಒಪ್ಪಿಗೆ."

ಮುಖ ಹೇಗಿತ್ತು ಅಂತ ನಮ್ಮತ್ತೆ ಕೇಳಿದರು. ಅದನ್ನು ನಿಶ್ಚಿತಾರ್ಥದ ದಿನ ನೋಡುತ್ತೀನಿ ಅಂದಳು.

ನಾನು ಬಗ್ಗದ ಆಲ್ಬಮ್

ಬಟ್ಟೆ ಆರಿಸಲು ಹೊರಡುವ ಮುಂಚೆ ನಾನು ಅವಳನ್ನು ಕೂರಿಸಿ ಮೂರು ಪರೀಕ್ಷೆ ಹೇಳಿದೆ. ನನ್ನ ಹತ್ತಿರ ಬರುವ ಪ್ರತಿ ಮದುಮಗಳಿಗೂ ಹೇಳುತ್ತೇನೆ. ಬಟ್ಟೆ ಹಾಕಿಕೊಂಡು ಕೂರುವುದಕ್ಕೆ ಆಗಬೇಕು. ಬಗ್ಗುವುದಕ್ಕೆ ಆಗಬೇಕು. ಯಾರ ಸಹಾಯವೂ ಇಲ್ಲದೆ ಬಾತ್‌ರೂಮಿಗೆ ಹೋಗಿ ಬರಲು ಆಗಬೇಕು. ಈ ಮೂರರಲ್ಲಿ ಒಂದು ಆಗದಿದ್ದರೂ ಅದು ಬಟ್ಟೆಯಲ್ಲ, ಪೆಟ್ಟಿಗೆ.

ಇದು ಪುಸ್ತಕ ಓದಿ ಕಲಿತದ್ದಲ್ಲ. ನನ್ನ ರಿಸೆಪ್ಷನ್ನಿಗೆ ನಾನು ಹಾಕಿದ್ದು ಬಾಡಿಗೆ ಲೆಹೆಂಗಾ. ಹಿಂದೆ ಹನ್ನೆರಡು ಹುಕ್ಕು, ಒಂದೊಂದನ್ನೂ ನಮ್ಮ ಚಿಕ್ಕಮ್ಮ ಮಂಡಿ ಕೊಟ್ಟು ಎಳೆದು ಹಾಕಿದ್ದರು. ಸ್ಟೇಜ್ ಹತ್ತಿದ ಮೇಲೆ ಮೊದಲು ಬಂದ ದೊಡ್ಡಪ್ಪನ ಕಾಲಿಗೆ ಬಗ್ಗಿದೆ. ಟಪ್ ಅಂತ ಒಂದು ಹೋಯಿತು. ಎರಡನೆಯವರಿಗೆ ಅರ್ಧ ಬಗ್ಗಿದೆ. ಟಪ್ ಟಪ್. ಅಲ್ಲಿಂದ ಮುಂದೆ ಯಾರೇ ಬಂದರೂ ನೆಟ್ಟಗೆ ನಿಂತು ಕೈ ಮುಗಿದೆ. ನಮ್ಮತ್ತೆಯ ಅತ್ತೆ, ಎಂಬತ್ತು ದಾಟಿದ ಮುದುಕಿ, ಕೋಲು ಊರಿಕೊಂಡು ಸ್ಟೇಜ್ ಹತ್ತಿ ಆಶೀರ್ವಾದ ಮಾಡಲು ಕೈ ಎತ್ತಿ ನಿಂತರು. ನಾನು ಕಂಬದ ಹಾಗೆ ನಿಂತೆ. ಕೊನೆಗೆ ಆ ತಾಯಿಯೇ ತುದಿಗಾಲಲ್ಲಿ ನಿಂತು ನನ್ನ ತಲೆ ಮುಟ್ಟಿದರು.

ಆಲ್ಬಮ್ಮಿನಲ್ಲಿ ನಾನು ಒಂದು ಫೋಟೋದಲ್ಲೂ ಬಗ್ಗಿಲ್ಲ. ಅದು ಹುಕ್ಕಿನ ತಪ್ಪು ಅಂತ ಏಳು ವರ್ಷದಿಂದ ಹೇಳುತ್ತಿದ್ದೇನೆ, ನಮ್ಮತ್ತೆ ಇವತ್ತಿಗೂ ನಂಬಿಲ್ಲ.

ಬಾಣ ಇದ್ದರೆ ಆಫರ್

ಮೊದಲ ಅಂಗಡಿಗೆ ಹೋದೆವು, ನಾನು, ನಾದಿನಿ, ನಮ್ಮತ್ತೆ. ದೊಡ್ಡ ಅಂಗಡಿ, ಒಳಗೆ ಕಾಲಿಡುವಾಗ ಚಪ್ಪಲಿ ಬಿಡಬೇಕೋ ಬೇಡವೋ ಅಂತ ಅನುಮಾನ ಬರುವಷ್ಟು ಹೊಳಪು. ಸೇಲ್ಸ್‌ಮ್ಯಾನ್ ಒಂದು ಲೆಹೆಂಗಾ ತೆಗೆದು ಬೀಸಿ ಹರಡಿದ. ಚಿನ್ನದ ಬಣ್ಣದ ಹೂವು, ಕನ್ನಡಿ ಚೂರು, ಮಣಿ. ನಮ್ಮತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡರು. ನಾದಿನಿ ಅದರ ತುದಿ ಹಿಡಿದು, ಕುರಿಯ ಚರ್ಮ ಸುಲಿದ ಹಾಗೆ ಒಂದೇ ಏಟಿಗೆ ಒಳಮಗ್ಗುಲು ಹೊರಗೆ ಮಾಡಿದಳು.

ಸೇಲ್ಸ್‌ಮ್ಯಾನ್ ಗಾಬರಿಯಾದ. "ಮೇಡಂ, ಡಿಸೈನ್ ಆ ಕಡೆ ಇದೆ."

"ಡಿಸೈನ್ ಆಮೇಲೆ. ಇಂಚಿಗೆ ಆರು ಹೊಲಿಗೆ ಹಾಕಿದ್ದೀರ. ಗೋಣಿಚೀಲಕ್ಕೂ ಇದಕ್ಕಿಂತ ಹತ್ತಿರ ಹಾಕ್ತಾರೆ."

"ಒಳಗಡೆ ಯಾರೂ ನೋಡಲ್ಲ ಮೇಡಂ."

"ನಾನು ನೋಡ್ತಿದ್ದೀನಲ್ಲ ಅಣ್ಣ."

ಅವಳ ಕೈ ನೋಡುತ್ತಿದ್ದರೆ ನನಗೆ ಎಂದೂ ಸಾಕಾಗುವುದಿಲ್ಲ. ಕಣ್ಣು ಒಂದು ಕಡೆ ಇರುತ್ತದೆ, ಬೆರಳು ಹೊಲಿಗೆಯ ಮೇಲೆ ಓಡುತ್ತಾ ಇರುತ್ತದೆ, ಎಲ್ಲಿ ತಪ್ಪಿದೆಯೋ ಅಲ್ಲಿ ತಾನಾಗಿ ನಿಲ್ಲುತ್ತದೆ. ಅಂಗಡಿಯವನು ಒಂದಾದ ಮೇಲೊಂದು ತೆಗೆದು ಹಾಕಿದ, ಇವಳು ಒಂದಾದ ಮೇಲೊಂದು ಸುಲಿದಳು. ನನಗೂ ನೋಡುವ ಭರದಲ್ಲಿ ಗೊತ್ತಾಗಲಿಲ್ಲ, ಅವಳ ಬ್ಯಾಗಿನಲ್ಲಿ ಫ್ಯಾಕ್ಟರಿಯ ಸ್ಟಿಕ್ಕರ್ ಸುರುಳಿ ಇತ್ತು. ಅಭ್ಯಾಸ ಬಲ, ಎಡಗೈ ತಪ್ಪು ಹುಡುಕುತ್ತಿತ್ತು, ಬಲಗೈ ಬಾಣ ಅಂಟಿಸುತ್ತಿತ್ತು. ಹೊತ್ತು ಹೋದ ಮೇಲೆ ನೋಡಿದರೆ ಮೇಜಿನ ಮೇಲೆ ಹತ್ತು ಹನ್ನೆರಡು ಲೆಹೆಂಗಾ, ಎಲ್ಲದಕ್ಕೂ ಕೆಂಪು ಬಾಣ.

ನಾನು ಹೆದರಿಹೋದೆ. ಮೆಲ್ಲಗೆ ಕಿತ್ತುಬಿಡೋಣ ಅಂತ ಕೈ ಹಾಕುವಷ್ಟರಲ್ಲಿ ಪಕ್ಕದಲ್ಲಿದ್ದ ಬೇರೆ ಮದುವೆಯವರ ಗುಂಪು ನುಗ್ಗಿತು. ಆ ಹುಡುಗಿಯ ತಾಯಿ ಬಾಣ ಇದ್ದ ಒಂದನ್ನು ಎತ್ತಿ ಎದೆಗೆ ಒತ್ತಿಕೊಂಡು, "ಆಫರ್ ಇರೋದನ್ನೆಲ್ಲ ಇಲ್ಲಿ ಮುಚ್ಚಿಟ್ಕೊಂಡಿದ್ದೀರ, ನಮಗೆ ಮಾತ್ರ ಫುಲ್ ರೇಟಿಂದು ತೋರಿಸ್ತಿದ್ದೀರ," ಅಂತ ಜಗಳಕ್ಕೆ ನಿಂತರು. ಬಾಣ ಇಲ್ಲದ್ದು ತಮಗೆ ಬೇಡವೇ ಬೇಡ ಅಂದರು.

ಅದು ಆಫರ್ ಅಲ್ಲ, ತಪ್ಪಿನ ಗುರುತು ಅಂತ ನಾವು ಎಷ್ಟು ಹೇಳಿದರೂ ಅವರು ಮೂರು ತೆಗೆದುಕೊಂಡೇ ಹೋದರು. ಓನರ್ ನಮಗೆ ಕುರ್ಚಿ ಹಾಕಿಸಿ, ಟೀ ತರಿಸಿ, ನಾದಿನಿಯ ಮುಂದೆ ಕೈ ಕಟ್ಟಿ ನಿಂತರು. "ಮೇಡಂ, ನೀವು ತಗೊಳ್ಳದಿದ್ರೂ ಪರವಾಗಿಲ್ಲ. ಆ ಕಡೆ ಎರಡು ವರ್ಷದಿಂದ ನಿಂತಿರೋ ಸ್ಟಾಕ್ ಇದೆ, ಅದಕ್ಕೂ ಒಂದೊಂದು ಅಂಟಿಸಿ ಹೋಗಿ."

ಎಂಟು ಮದುವಣಗಿತ್ತಿಯರು

"ಒಂದಿನ ಉಟ್ಟು ಬಿಚ್ಚೋ ಬಟ್ಟೆಗೆ ಇಷ್ಟೊಂದ್ ಅಲೆದಾಟ ಯಾಕವ್ವ, ಬಾಡ್ಗೆಗೆ ತಕ್ಕೊಂಡ್ರಾಯ್ತು," ಅಂತ ನಮ್ಮತ್ತೆ ಹಟ ಹಿಡಿದರು. ಸರಿ, ಬಾಡಿಗೆಗೆ ಕೊಡುವ ಅಂಗಡಿಗೆ ಹೋದೆವು. ನಮ್ಮ ಬಸ್ ಸ್ಟಾಪಿನ ಹಿಂದೆ, ಮಹಡಿ ಮೇಲೆ. ಒಬ್ಬ ಹೆಂಗಸು ನಡೆಸುತ್ತಾರೆ, ಮಾತು ಬೆಣ್ಣೆ. ಒಂದು ಮೆರೂನ್ ಲೆಹೆಂಗಾ ಕೊಟ್ಟು, "ಹೊಸದು ಮೇಡಂ, ಒಂದೇ ಸಲ ಹೋಗಿ ಬಂದಿದೆ," ಅಂದರು.

ನಾದಿನಿ ಎಂದಿನಂತೆ ತಿರುಗಿಸಿದಳು. ಸೊಂಟಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಳು. ಬಟ್ಟೆಯನ್ನು ಒಂದು ಸಲ ಹೊಲಿದು ಬಿಚ್ಚಿದರೆ ಅಲ್ಲಿ ಸೂಜಿ ತೂತಿನ ಒಂದು ಸಾಲು ಉಳಿಯುತ್ತದೆ, ಎಷ್ಟು ಇಸ್ತ್ರಿ ಮಾಡಿದರೂ ಹೋಗುವುದಿಲ್ಲ. ಅವಳು ಆ ಸಾಲುಗಳನ್ನು ಓದಲು ಶುರು ಮಾಡಿದಳು.

"ಏಳು ಜನ ಹಾಕಿದ್ದಾರೆ. ಮೊದಲನೆಯವಳು ತೆಳ್ಳಗಿದ್ದಳು. ಎರಡನೆಯವಳಿಗೆ ಎರಡಿಂಚು ಬಿಟ್ಟಿದ್ದಾರೆ. ಮೂರನೆಯವಳು ಎಡಗೈಯಲ್ಲಿ ಹೊಲಿಯೋಳ ಹತ್ರ ಹೊಲಿಸಿದ್ದಾಳೆ. ಇಲ್ನೋಡಿ ಅತ್ತಿಗೆ, ಇದು ಕೈಹೊಲಿಗೆ, ದೊಡ್ಡ ದೊಡ್ಡದು, ಅವಸರದಲ್ಲಿ ಹಾಕಿದ್ದು. ಈ ಹುಡುಗಿ ಅಳತೆ ಕೊಟ್ಟ ಮೇಲೆ ದಪ್ಪ ಆಗಿದ್ದಾಳೆ, ಬರೀ ಹೊಟ್ಟೆ ಹತ್ರ."

ಅಂಗಡಿ ಹೆಂಗಸಿನ ಮುಖ ಬಿಳಿಚಿಕೊಂಡಿತು. "ನಿಮಗೆ ಹೇಗೆ ಗೊತ್ತಾಯ್ತು? ಪಾಪ, ಅವಳಿಗೆ ಆಗಲೇ ಮೂರು ತಿಂಗಳು." ನಮ್ಮತ್ತೆ ಎರಡೂ ಕಿವಿ ಮುಚ್ಚಿಕೊಂಡರು, ಆದರೆ ಪೂರ್ತಿ ಅಲ್ಲ.

ಆ ಹೆಂಗಸಿಗೂ ಈಗ ಕುತೂಹಲ ಬಂತು. ಮಾರುವುದು ಬಿಟ್ಟು ಪುಸ್ತಕ ತೆಗೆದು ಎಣಿಸಿದರು. "ಒಂದು ತಪ್ಪು ಹೇಳಿದ್ರಿ ಮೇಡಂ. ಏಳಲ್ಲ, ಎಂಟು."

ನಾದಿನಿ ಮತ್ತೆ ಬೆಳಕಿಗೆ ಹಿಡಿದಳು. "ಏಳೇ. ಎಂಟು ಸಲ ಹೋಗಿದ್ರೆ ಒಬ್ಬಳೇ ಎರಡು ಸಲ ತಗೊಂಡಿರ್ಬೇಕು, ಒಂದರ ಹಿಂದೆ ಒಂದು."

ಅವರು ಹಾಳೆ ಮೇಲೆ ಬೆರಳಿಟ್ಟು ಕೆಳಗೆ ಬಂದರು. ಐದನೇ ಹೆಸರು, ಆರನೇ ಹೆಸರು, ಒಂದೇ. ಆ ಹುಡುಗಿಯ ಮದುವೆ ಸೂತಕ ಬಂದು ಮುಂದಕ್ಕೆ ಹೋಗಿತ್ತಂತೆ. ಏಳು ಹೆಣ್ಣುಮಕ್ಕಳ ಬದುಕಿನ ಒಂದೊಂದು ಸಂಜೆ ಆ ಮೂರು ಬೆರಳಗಲದ ಪಟ್ಟಿಯಲ್ಲಿ ಸಾಲುಸಾಲಾಗಿ ಕೂತಿತ್ತು, ಇವಳು ಅದನ್ನು ಪೇಪರ್ ಓದಿದ ಹಾಗೆ ಓದಿಬಿಟ್ಟಿದ್ದಳು.

ಲೆಹೆಂಗಾವನ್ನು ಮಡಚಿ ಮೆಲ್ಲಗೆ ವಾಪಸ್ ಇಟ್ಟಳು. "ಏಳು ಜನ ಇದಕ್ಕೆ ಹೊಂದ್ಕೊಂಡಿದ್ದಾರೆ. ನನಗೆ ಹೊಂದೋ ಬಟ್ಟೆ ಬೇಕು. ಅತ್ತಿಗೆ, ನೀವೇ ಹೊಲೀರಿ," ಅಂದಳು.

ಮೆಟ್ಟಿಲಿಳಿಯುವಾಗ ನೋಡಿದೆ, ನಮ್ಮತ್ತೆ ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಸೆರಗು ಬಿಗಿಯಾಗಿ ಸುತ್ತಿಕೊಂಡು ಬರುತ್ತಿದ್ದರು. ಏನತ್ತೆ ಅಂದೆ. "ನನ್ ಕುಪ್ಸ ಮೂರ್ ಸಲ ಬಿಚ್ಚಿ ವಲ್ಸಿದ್ದೀನಿ ಕಣವ್ವ. ಅವ್ಳು ನೋಡ್ಬಿಟ್ಟಾಳು," ಅಂದರು.

ನಾಲ್ಕನೇ ಪರೀಕ್ಷೆ

ನಾನು ಒಪ್ಪಿಕೊಂಡೆ. ಆಮೇಲೆ ಯೋಚನೆ ಶುರುವಾಯಿತು. ಊರಿಗೆಲ್ಲ ಬುದ್ಧಿ ಹೇಳುವ ನಾನು, ಈಗ ಚೆಕ್ಕರ್ ಕಣ್ಣಿಗೆ ಬಟ್ಟೆ ಹೊಲಿಯಬೇಕು. ಅವಳ ಕೈಯಲ್ಲಿ ಪಾಸಾಗದಿದ್ದರೆ ಇನ್ನು ಯಾವ ಮದುಮಗಳ ಮುಂದೆ ನಾಲಿಗೆ ಬಿಚ್ಚಲಿ?

ಬಟ್ಟೆ ಆರಿಸಲು ಚಿಕ್ಕಪೇಟೆಗೆ ಹೋದಾಗ ಮದುಮಗನೂ ಬಂದರು. ಕೋಟಿಗೂ ಲೆಹೆಂಗಾಕ್ಕೂ ಬಣ್ಣ ಹೊಂದಬೇಕಲ್ಲ. ಅಂಗಡಿಯಲ್ಲಿ ನಾವು ಅಕ್ಕತಂಗಿಯರ ಹಾಗೆ ಕೂಗಾಡುತ್ತಿದ್ದರೆ ಆ ಮನುಷ್ಯ ಮೂಲೆಯಲ್ಲಿ ಸುಮ್ಮನೆ ನಿಂತಿದ್ದರು. ನವಿಲು ಹಸಿರು ಬಟ್ಟೆ ಹಿಡಿದು ನಾನೇ ಕೇಳಿದೆ, "ನೀವೂ ಏನಾದ್ರೂ ಹೇಳಿ, ನಿಮ್ಮದೂ ಮದುವೆ."

ಅವರು ಬಟ್ಟೆಯ ತುದಿ ಮುಟ್ಟಿ ನೋಡಿದರು. ಆಮೇಲೆ, "ಇದು ಹಾಕ್ಕೊಂಡು ಬೈಕಲ್ಲಿ ಕೂರೋಕೆ ಆಗುತ್ತಾ ಅಕ್ಕ?" ಅಂದರು.

ನಾನು ಬಾಯಿ ತೆರೆದೆ. ಮದುಮಗಳನ್ನು ರಿಸೆಪ್ಷನ್ನಿಗೆ ಬೈಕಲ್ಲಿ ಕರೆದುಕೊಂಡು ಹೋಗುತ್ತೀಯಾ ಪುಣ್ಯಾತ್ಮ ಅಂತ ಕೇಳಬೇಕೆಂದಿದ್ದೆ. ಅವರೇ ಮೆಲ್ಲಗೆ ಹೇಳಿದರು, "ಅವತ್ತಿಗಲ್ಲ. ಒಂದಿನ ಹಾಕ್ಕೊಂಡು ಬೀರುವಲ್ಲಿ ಇಡೋದು ಯಾಕೆ? ಆಮೇಲೂ ಎಲ್ಲಾದ್ರೂ ಹೋಗ್ವಾಗ ಹಾಕ್ಕೊಳ್ಳಲಿ ಅಂತ."

ಇಷ್ಟು ವರ್ಷ ನಾನು ಮದುವೆ ಬಟ್ಟೆ ಹೊಲಿದಿದ್ದೇನೆ. ಆಮೇಲೆ ಎಂಬ ಮಾತನ್ನು ಒಬ್ಬರೂ ಆಡಿರಲಿಲ್ಲ. ನಿಶ್ಚಿತಾರ್ಥದ ದಿನವೂ ಶರ್ಟನ್ನೇ ನೋಡಿದ್ದ ನಾದಿನಿ ಅವತ್ತು ಮೊದಲ ಸಲ ಅವರ ಮುಖ ನೋಡಿದಳು.

ನನ್ನ ಮೂರು ಪರೀಕ್ಷೆಗೆ ಬೈಕಿನದ್ದೂ ಸೇರಿತು. ಲೆಹೆಂಗಾದ ಸುತ್ತಳತೆಯನ್ನು ನಾನು ಅಳೆದದ್ದು ಅವರ ಬೈಕಿನ ಹಿಂದಿನ ಸೀಟಿನ ಮೇಲೆ, ಅಂಗಡಿ ಮುಂದೆ, ನೋ ಪಾರ್ಕಿಂಗ್ ಬೋರ್ಡಿನ ಕೆಳಗೆ.

ಲೈನ್ ಬಂತು

ಕತ್ತರಿಸಿ ಜೋಡಿಸುವ ಕೆಲಸವೇ ತುಂಬಾ ಇತ್ತು. ಮದುವೆ ಹತ್ತಿರ ಬಂತು. ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದರು. ತೆಗೆದು ನೋಡಿದರೆ ಆರು ಹೆಂಗಸರು, ಎಲ್ಲ ನಾದಿನಿಯ ಲೈನಿನವರು. ಒಬ್ಬರು ಚಿತ್ರಾನ್ನದ ಡಬ್ಬಿ ತಂದಿದ್ದರು, ಉಳಿದವರು ತಂತಮ್ಮ ಕತ್ತರಿ. "ನಮ್ಮ ಚೆಕ್ಕರ್ ಮದುವೆ ಬಟ್ಟೆ ಅಂದ್ರೆ ನಮ್ಮ ಲೈನಿಂದೇ ಹೋಗ್ಬೇಕು," ಅಂದರು.

ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡದವರಿಗೆ ಒಂದು ವಿಷಯ ಹೇಳಬೇಕು. ಅಲ್ಲಿ ಯಾರೂ ಪೂರ್ತಿ ಬಟ್ಟೆ ಹೊಲಿಯುವುದಿಲ್ಲ. ಒಬ್ಬಳು ತೋಳು ಕೂಡಿಸಿದರೆ ಹದಿನೈದು ವರ್ಷ ತೋಳೇ. ಇನ್ನೊಬ್ಬಳು ಜೇಬು ಅಂದರೆ ಜೇಬೇ. ಆದರೆ ಆ ಒಂದು ಕೆಲಸದಲ್ಲಿ ಅವರ ಕೈ ನೋಡಬೇಕು. ತೋಳಿನ ಅಕ್ಕ ಕುಪ್ಪಸದ ಎರಡು ತೋಳು ಕೂಡಿಸಿದ್ದು ನಾನು ಸೂಜಿಗೆ ದಾರ ಪೋಣಿಸುವಷ್ಟರಲ್ಲಿ. ಅಂಚು ಮಡಿಸುವವಳು ಲೆಹೆಂಗಾದ ಅಷ್ಟು ದೊಡ್ಡ ಘೇರನ್ನು, ಅಂದರೆ ಕೆಳಸುತ್ತನ್ನು, ಪಿನ್ನೂ ಹಾಕದೆ, ಗೆರೆಯೂ ಎಳೆಯದೆ, ಸುತ್ತಲೂ ಒಂದೇ ಅಗಲಕ್ಕೆ ಹೊಲಿದು ಮುಗಿಸಿದಳು. ಸ್ಕೇಲ್ ಇಟ್ಟು ನೋಡಿದೆ. ಒಂದು ದಾರದಷ್ಟೂ ವ್ಯತ್ಯಾಸವಿಲ್ಲ. ನಾನು ಬಾಯಿ ಮುಚ್ಚಿಕೊಂಡು ಅವರಿಗೆ ಟೀ ಕಾಯಿಸಿದೆ. ನನ್ನ ಮನೆಯಲ್ಲಿ ನಾನು ಬಾಯಿ ಮುಚ್ಚಿದ್ದನ್ನು ನಮ್ಮನೆಯವರು ಬಂದು ನೋಡಿಕೊಂಡು ಹೋದರು.

ಟೀ ತಂದು ಇಡುವಷ್ಟರಲ್ಲಿ ತೊಂದರೆ ಶುರುವಾಗಿತ್ತು. ಕೆಲಸ ಮುಗಿದಿತ್ತು, ಆದರೆ ಕೈಗಳು ನಿಂತಿರಲಿಲ್ಲ. ಜೇಬಿನವಳು ಲೆಹೆಂಗಾಕ್ಕೆ ಎರಡು ಜೇಬು ಇಟ್ಟುಬಿಟ್ಟಿದ್ದಳು. ಲೇಬಲ್ಲಿನವಳು ಅದೆಲ್ಲಿಂದಲೋ ಒಂದು ಲೇಬಲ್ ತೆಗೆದು ಸೊಂಟದ ಒಳಗೆ ಹೊಲಿದಿದ್ದಳು: ಬಿಸಿನೀರಲ್ಲಿ ಹಾಕಬೇಡಿ, ಹಿಂಡಬೇಡಿ, ನೆರಳಲ್ಲಿ ಒಣಗಿಸಿ. ಕಾಲರ್ ಹಾಕುವ ಅಕ್ಕನಿಗೆ ಮಾತ್ರ ಕೆಲಸ ಸಿಕ್ಕಿರಲಿಲ್ಲ. ಲೆಹೆಂಗಾಕ್ಕೆ ಕಾಲರ್ ಎಲ್ಲಿಂದ ಬರಬೇಕು? ಪಾಪ, ಅವರು ಮುಖ ಊದಿಸಿಕೊಂಡು ಮೂಲೆಯಲ್ಲಿ ಕೂತಿದ್ದರು ಅಂದುಕೊಂಡೆ.

ಅವರು ಹೋದ ಮೇಲೆ ಮನೆ ನೋಡಿದೆ. ನನ್ನ ಮಗಳ ಫ್ರಾಕಿಗೆ ಶರ್ಟಿನ ಕಾಲರ್ ಬಂದಿತ್ತು. ನಮ್ಮತ್ತೆಯ ದಿಂಬಿನ ಕವರಿಗೆ ಐದು ಕಾಜಾ, ಗುಂಡಿ ಹಾಕಲು ಸಿದ್ಧ. ನಮ್ಮನೆಯವರ ಲುಂಗಿಗೆ ಜೇಬು. ಅವರು ಅದನ್ನು ಇವತ್ತಿಗೂ ಬಿಚ್ಚಲು ಬಿಟ್ಟಿಲ್ಲ, ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬರುವಂಥದ್ದು ಹೊಲಿದಿದ್ದಾರೆ ಅನ್ನುತ್ತಾರೆ.

ಒಂದೇ ಒಂದು ಬಾಣ

ರಿಸೆಪ್ಷನ್ ಸಂಜೆ, ಛತ್ರದ ಮದುಮಗಳ ಕೋಣೆ. ಹೊರಗೆ ವಾದ್ಯದವರು ಶ್ರುತಿ ಹಿಡಿಯುತ್ತಿದ್ದರು. ಒಳಗೆ ನಾದಿನಿ ಲೆಹೆಂಗಾ, ಕುಪ್ಪಸ, ದುಪಟ್ಟಾ ಮೂರನ್ನೂ ಮಂಚದ ಮೇಲೆ ಹರಡಿ ಕೊನೆಯ ಚೆಕಿಂಗಿಗೆ ನಿಂತಳು. ನಾನು ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಕಾಯುವವಳ ಹಾಗೆ ಬಾಗಿಲಿಗೆ ಒರಗಿ ನಿಂತೆ.

ಲೆಹೆಂಗಾ ಮುಗಿಯಿತು. ಒಂದು ಬಾಣವೂ ಇಲ್ಲ. ದುಪಟ್ಟಾ ಮುಗಿಯಿತು. ಕುಪ್ಪಸ ತೆಗೆದುಕೊಂಡಳು. ಒಳಗೆ, ಹೊರಗೆ, ತೋಳು, ಹುಕ್ಕು. ಆಮೇಲೆ ನನ್ನದೇ ಟೇಪು ಕೇಳಿ ಇಸಿದುಕೊಂಡು ಎರಡೂ ಭುಜ ಅಳೆದಳು. ಇನ್ನೊಂದು ಸಲ ಅಳೆದಳು. ಬ್ಯಾಗಿಗೆ ಕೈ ಹಾಕಿ ಬಲಭುಜದ ಮೇಲೆ ಒಂದು ಬಾಣ ಅಂಟಿಸಿದಳು.

"ಎಡಗಡೆಗಿಂತ ಬಲಗಡೆ ಕಾಲಿಂಚು ಎತ್ತರ ಇದೆ ಅತ್ತಿಗೆ," ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಣ್ಣಲ್ಲಿ ನೀರು ತುಂಬಿಕೊಂಡಿದ್ದಳು.

"ಗೊತ್ತು. ಬೇಕು ಅಂತಲೇ ಹಾಗೆ ಹೊಲ್ದಿದ್ದೀನಿ."

"ಬೇಕು ಅಂತಲಾ?"

"ಮೊದಲು ಹಾಕ್ಕೋ. ಆಮೇಲೆ ಕಣ್ಣೀರು ಹಾಕು, ಮೇಕಪ್ ಇನ್ನೂ ಆಗಿಲ್ಲ."

ಹಾಕಿಕೊಂಡಳು. ಕನ್ನಡಿ ಮುಂದೆ ನಿಲ್ಲಿಸಿದೆ. ಕುತ್ತಿಗೆ ನೆಟ್ಟಗೆ ಕೂತಿತ್ತು, ಎರಡೂ ಕಡೆ ಒಂದು ಸುಕ್ಕಿಲ್ಲ. ಅವಳು ಕನ್ನಡಿ ನೋಡಿದಳು, ಟೇಪು ನೋಡಿದಳು, ನನ್ನನ್ನು ನೋಡಿದಳು.

"ಒಂಬತ್ತು ವರ್ಷ ಬಲಗೈಯಲ್ಲಿ ಬಟ್ಟೆ ಎತ್ತಿ ಎತ್ತಿ ಲೈಟಿಗೆ ಹಿಡಿದಿದ್ದೀಯಲ್ಲ," ಅಂದೆ. "ನಿನ್ನ ಬಲಭುಜ ಮೇಲೇ ನಿಂತುಬಿಟ್ಟಿದೆ. ಅಂಗಡೀಲಿರೋದೆಲ್ಲ ಬೊಂಬೆ ಅಳತೆಗೆ ಹೊಲ್ದಿರ್ತಾರೆ. ನಾನು ನಿನ್ನ ಅಳತೆಗೆ ಹೊಲ್ದಿದ್ದೀನಿ."

ಅವಳು ಟೇಪನ್ನು ಮೆಲ್ಲಗೆ ಸುತ್ತಿ ನನ್ನ ಕೈಗಿಟ್ಟಳು. "ಹಾಗಾದ್ರೆ ತಪ್ಪು ಬಟ್ಟೇದಲ್ಲ, ನಂದು," ಅಂದಳು.

"ನಿಂದೂ ಅಲ್ಲ. ಅದು ಅಳತೆ ಅಷ್ಟೇ."

ನನ್ನ ಮಗಳು ಮಂಚದ ಮೇಲೆ ಕೂತು ಬಾಯಿ ತೆರೆದು ನೋಡುತ್ತಿದ್ದಳು. ನಾನೂ ಹಾಗೇ ನೋಡುತ್ತಿದ್ದೆ ಅನ್ನಿಸುತ್ತದೆ. ನವಿಲು ಹಸಿರಿನಲ್ಲಿ ನಿಂತವಳು ನಮ್ಮ ಮನೆಯ ಹುಡುಗಿಯೇ, ದಿನಾ ಬಸ್ಸಿಗೆ ಓಡುವವಳೇ. ಫೋಟೋದ ಅರಮನೆ ಹುಡುಗಿಯ ಹಾಗೆ ಒಂದಿಷ್ಟೂ ಇರಲಿಲ್ಲ. ನನಗೆ ಮೊದಲ ಸಲ ಆ ಫೋಟೋದವಳ ಮೇಲೆ ಕನಿಕರ ಬಂತು.

ಅಷ್ಟರಲ್ಲಿ ನಮ್ಮತ್ತೆ ಒಳಗೆ ಬಂದರು. ನಾದಿನಿ ಸರಕ್ಕನೆ ಬಗ್ಗಿ ತಾಯಿಯ ಕಾಲು ಮುಟ್ಟಿ ಎದ್ದಳು. ಒಂದು ಹುಕ್ಕು ಮಿಸುಕಲಿಲ್ಲ. ನನ್ನ ಎದೆ ಉಬ್ಬಿತು. ನಮ್ಮತ್ತೆ ಮಗಳ ತಲೆ ಸವರಿ, ಕಣ್ಣೊರೆಸಿಕೊಂಡು, ನನ್ನ ಕಡೆ ತಿರುಗಿ ಹೇಳಿದರು, "ನೋಡ್ದಾ? ಮನ್ಸಿದ್ರೆ ಬಗ್ಗೋಕಾಯ್ತದೆ."

ಪಾಸಾ, ರಿಜೆಕ್ಟಾ

ಈ ಗದ್ದಲದಲ್ಲಿ ನಾವಿಬ್ಬರೂ ಒಂದು ಮರೆತೆವು. ಬಲಭುಜದ ಬಾಣ ಅಲ್ಲೇ ಇತ್ತು. ಅದರ ಮೇಲೆ ದುಪಟ್ಟಾ ಹಾಕಿ, ಪಿನ್ ಮಾಡಿ, ಹೂವು ಮುಡಿಸಿ, ಸ್ಟೇಜಿಗೆ ಹತ್ತಿಸಿದೆವು.

ಮದುಮಗನದು ಕೆನೆ ಬಣ್ಣದ ಕೋಟು. ಇಬ್ಬರೂ ಮೊದಲು ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರ ಹಾಗೆ ಮೊಳದೂರ ನಿಂತಿದ್ದರು. ಫೋಟೋಗ್ರಾಫರ್ ಬಿಡಬೇಕಲ್ಲ. "ಮೇಡಂ, ಹತ್ರ ಬನ್ನಿ. ಇನ್ನೂ ಹತ್ರ. ಸಾರ್ ಎದೆಗೆ ಒರಗಿ. ದುಪಟ್ಟಾ ಸ್ವಲ್ಪ ಹಿಂದೆ. ಸಾರ್, ನಗಿ." ಇವಳು ಒರಗಿದಳು. ಅವರು ನಕ್ಕರು. ಕ್ಲಿಕ್ ಆಯಿತು. ಇವಳು ನೆಟ್ಟಗಾದಳು. ದುಪಟ್ಟಾ ಸರಿದಾಗ ಕಿತ್ತು ಮಗುಚಿದ್ದ ಬಾಣ ಮಾತ್ರ ನೆಟ್ಟಗಾಗಲಿಲ್ಲ. ಅದು ಮದುಮಗನ ಕೋಟಿನ ಎದೆಯ ಮೇಲೆ ಉಳಿಯಿತು, ಮೊನೆ ಮೇಲಕ್ಕೆ, ಸರಿಯಾಗಿ ಅವರ ಮುಖ ತೋರಿಸುತ್ತ.

ಯಾರೂ ಗಮನಿಸಲಿಲ್ಲ. ನೆಂಟರು ಬಂದರು, ಕೈ ಕುಲುಕಿದರು, ಹೋದರು. ನಮ್ಮನ್ನು ಬಿಟ್ಟರೆ ಆ ಬಾಣ ಏನು ಅಂತ ಗೊತ್ತಿದ್ದದ್ದು ಒಂದೇ ಗುಂಪಿಗೆ, ಅವರು ಇನ್ನೂ ಬಂದಿರಲಿಲ್ಲ. ಶಿಫ್ಟ್ ಮುಗಿಸಿ, ಮುಖ ತೊಳೆದು, ಹೂ ಮುಡಿದು, ನಲವತ್ತು ಹೆಂಗಸರು ಒಟ್ಟಿಗೆ ಬಾಗಿಲಲ್ಲಿ ಕಾಣಿಸಿಕೊಂಡರು. ಅಭ್ಯಾಸ ನೋಡಿ, ಯಾರೂ ಹೇಳದಿದ್ದರೂ ಒಬ್ಬರ ಹಿಂದೆ ಒಬ್ಬರು ಲೈನಾಗಿ ಬಂದರು. ಎಲ್ಲರ ಮುಂದೆ ಸೂಪರ್‌ವೈಸರ್ ಮೇಡಂ, ರೇಷ್ಮೆ ಸೀರೆಯಲ್ಲೂ ಅದೇ ಬಿಗಿ ಮುಖ.

ಸ್ಟೇಜಿನ ಹತ್ತಿರ ಬಂದಾಗ ತೋಳಿನ ಅಕ್ಕ ಮೊದಲು ನೋಡಿದರು. ಪಕ್ಕದವಳನ್ನು ತಿವಿದರು. ಅವಳು ಹಿಂದಿನವಳನ್ನು ತಿವಿದಳು. ನಗು ಲೈನಿನಲ್ಲಿ ಬಟ್ಟೆ ಸಾಗಿದ ಹಾಗೆ ಕೈಯಿಂದ ಕೈಗೆ ಸಾಗಿ ಬಾಗಿಲ ತನಕ ಹೋಯಿತು. ಕಾಲರಿನ ಅಕ್ಕ ಹೊಟ್ಟೆ ಹಿಡಿದುಕೊಂಡು ಕುರ್ಚಿ ಹುಡುಕಿದರು. ಗಂಡಿನ ಕಡೆಯವರಿಗೆ ಏನೂ ಗೊತ್ತಾಗಲಿಲ್ಲ, ಹೆಣ್ಣಿನ ಕಡೆಯವರಿಗೂ ಗೊತ್ತಾಗಲಿಲ್ಲ. ಮದುಮಗ ಬೆವರಿ, ಪ್ಯಾಂಟಿನ ಜಿಪ್ ನೋಡಿಕೊಂಡು, ಮುಖ ಒರೆಸಿಕೊಂಡರು.

ನಾನು ಓಡಿದೆ, ಆದರೆ ಮೇಡಂ ಆಗಲೇ ಸ್ಟೇಜ್ ಹತ್ತಿದ್ದರು. ಕೋಟಿನ ಬಾಣ ನೋಡಿದರು. ಬಾಣ ತೋರಿಸಿದ ಕಡೆ ಕತ್ತೆತ್ತಿ ಮುಖ ನೋಡಿದರು. ಅಡಿಯಿಂದ ಮುಡಿ ತನಕ ಇನ್ನೊಮ್ಮೆ ನೋಡಿದರು. ಆ ಮುಖ ನಗುವುದನ್ನು ಯಾರೂ ಕಂಡಿರಲಿಲ್ಲ, ಅವತ್ತೂ ನಗಲಿಲ್ಲ. ಒಂಬತ್ತು ವರ್ಷ ಕೇಳಿದ ಅದೇ ದನಿಯಲ್ಲಿ ಕೇಳಿದರು:

"ಏನಮ್ಮ, ರಿಜೆಕ್ಟಾ?"

ನಾದಿನಿ ಆಗ ಬಾಣ ನೋಡಿದಳು. ಕಿವಿ ತನಕ ಕೆಂಪಾದಳು. ಬೆರಳ ತುದಿಯಿಂದ ಮೆಲ್ಲಗೆ ಅದನ್ನು ಕಿತ್ತು, ಜೇಬಿನವಳು ಲೆಹೆಂಗಾಕ್ಕೆ ಇಟ್ಟಿದ್ದ ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಂಡಳು. ಬಲಭುಜ ಕಾಲಿಂಚು ಮೇಲೆತ್ತಿ ನೆಟ್ಟಗೆ ನಿಂತಳು.

"ಇಲ್ಲ ಮೇಡಂ, ಆಲ್ಟ್ರೇಷನ್. ಮನೇಲಿ ನಾನೇ ಮಾಡ್ಕೋತೀನಿ."

ಮದುಮಗ ಏನೂ ಅರ್ಥವಾಗದೆ ಇಡೀ ಲೈನಿಗೆ ಕೈ ಮುಗಿದು, "ಎಲ್ಲರೂ ಊಟ ಮಾಡ್ಕೊಂಡೇ ಹೋಗ್ಬೇಕು," ಅಂದರು.